ಕೊಟ್ಟು ತಂದ ಕಾರ್ಡುಗಳು

ಪಿಟ್ಸ್‌ಬರ್ಗ್

ಚಿರಂಜೀವಿ ಪುಟ್ಟನಿಗೆ ನಿನ್ನ ಅಮೆರಿಕಾ ತಾತ ಮಾಡುವ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ "ತಾತ, ನಿಮ್ಮ ಹತ್ರ ಹಳೇ ಬೇಸ್‌ಬಾಲ್ ಕಾರ್ಡುಗಳಿವೆಯಂತಲ್ಲ, ಈಗ ಅದಕ್ಕೆ ಎಷ್ಟು ಬೆಲೆ ಬರತ್ತೆ?" ಅಂತ ನೀನು ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ನಿಮ್ಮಮ್ಮ ಊಟಕ್ಕೆ ಕರೆದಳು, ನೀನು ಓಡಿದೆ. ನಿನ್ನ ಕ್ರಿಕೆಟ್ ಕಾರ್ಡುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ ಕವರಿಗೆ ಹಾಕಿ, ಯಾರೂ ಮುಟ್ಟದ ಹಾಗೆ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೀಯೆಂದು ಆಮೇಲೆ ನನ್ನ ಅಕ್ಕ, ಅಂದರೆ ನಿಮ್ಮಜ್ಜಿ, ಹೇಳಿದಳು. ಎರಡಕ್ಕೂ ಸೇರಿಸಿ ಈ ಕಾಗದ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾದೀತು, ಹೊಟ್ಟೆ ತುಂಬಿದ ಮೇಲೆ ಓದು.

ನಾಲ್ಕನೇ ಕ್ಲಾಸು ಮುಗಿಸಿ ನಾನು ಮೈಸೂರಿನಿಂದ ಇಲ್ಲಿಗೆ ಬಂದದ್ದು 1976ರಲ್ಲಿ. 1965ರಲ್ಲಿ ಅಮೆರಿಕ ತನ್ನ ವಲಸೆ ಕಾನೂನನ್ನು ಸಡಿಲಿಸಿದ ಮೇಲೆ ನಮ್ಮ ಕಡೆಯ ಇಂಜಿನಿಯರುಗಳು, ಡಾಕ್ಟರುಗಳು ಇತ್ತ ಬರತೊಡಗಿದ್ದರು. ಅವರ ಪೈಕಿ ನಮ್ಮಪ್ಪನೂ ಒಬ್ಬರು. ಹೊರಡುವ ಮೊದಲು ನಾನೂ ನಿಮ್ಮಜ್ಜಿಯೂ ಕೂಡಿಹಾಕಿದ್ದ ಬೆಂಕಿಪೊಟ್ಟಣದ ಪಟಗಳನ್ನು ವಠಾರದ ಹುಡುಗರಿಗೆ ಹಂಚಿ ಬಂದಿದ್ದೆವು. ಇಲ್ಲಿ ಬಂದು ನೋಡಿದರೆ ನಮ್ಮ ಕ್ರಿಕೆಟಿಗ ಗುಂಡಪ್ಪ ವಿಶ್ವನಾಥರ ಹೆಸರು ಕೇಳಿದವರೇ ಇಲ್ಲ. ಅವರ ಸ್ಕ್ವೇರ್ ಕಟ್ಟಿನ ವಿಷಯವನ್ನು ನಾನು ಯಾರ ಹತ್ತಿರ ಮಾತಾಡಲಿ? ಶಾಲೆಯಲ್ಲಿ ಊಟದ ಬಿಡುವು ಬಂತೆಂದರೆ ಗೋಡೆಗೆ ಒರಗಿ ನಿಂತಿರುತ್ತಿದ್ದೆ.

ಆ ಗೋಡೆಯ ಬುಡದಲ್ಲೇ ಹುಡುಗರು ಕಾರ್ಡು ಹರಡಿಕೊಂಡು ಕೂರುತ್ತಿದ್ದರು. ಆಗ ಕಾರ್ಡೆಂದರೆ ಟಾಪ್ಸ್ ಕಂಪನಿಯದ್ದೇ, ಇನ್ನೊಬ್ಬರ ಪೈಪೋಟಿ ಶುರುವಾದದ್ದು 1981ರಲ್ಲಿ. 15 ಸೆಂಟು ಕೊಟ್ಟರೆ ಮೇಣದ ಕಾಗದದ ಒಂದು ಪೊಟ್ಟಣ, ಒಳಗೆ 10 ಕಾರ್ಡು, ಜೊತೆಗೊಂದು ಬಬಲ್ ಗಮ್. ಆ ಗಮ್ಮೋ, ಪುಟ್ಟಾ, ತಿನ್ನುವ ಪದಾರ್ಥ ಅನ್ನುವುದೇ ಕಷ್ಟ. ಗುಲಾಬಿ ಬಣ್ಣದ ತೆಳು ಹಲಗೆ, ಮೇಲೆ ಬಿಳಿ ಹಿಟ್ಟು. ಕಚ್ಚಿದರೆ ಟಕ್ ಅಂತ ಮುರಿದು ಚೂರುಗಳು ಒಸಡಿಗೆ ಚುಚ್ಚುತ್ತಿದ್ದವು, ಎರಡು ನಿಮಿಷಕ್ಕೆ ಸಿಹಿ ಖಾಲಿ. ಗಮ್ಮಿಗೆ ಅಂಟಿಕೊಂಡಿದ್ದ ಕಾರ್ಡಿನ ಮೇಲೆ ಎಣ್ಣೆಯ ಕಲೆ ಆಗಿರುತ್ತಿತ್ತು. ಆ ಕಲೆಯೂ ವಾಸನೆಯೂ ಸೇರಿದರೇ ನಮಗೆ ಅದು ಕಾರ್ಡು. ಮುಂದೆ ಕಾರ್ಡನ್ನು ದುಡ್ಡಿಗಾಗಿ ಕೂಡಿಡುವವರು ಹೆಚ್ಚಿ, ಕಲೆಯಾಗುತ್ತದೆ ಅಂತ ಗೊಣಗಿದರು. 1990ರ ದಶಕದ ಶುರುವಿನಲ್ಲಿ ಟಾಪ್ಸಿನವರು ಗಮ್ ಹಾಕುವುದನ್ನೇ ಬಿಟ್ಟರು.

ನಾನು ಬಂದ ವರ್ಷದ ಪೂರ್ತಿ ಸೆಟ್ಟಿಗೆ 660 ಕಾರ್ಡು. ಎಲ್ಲವೂ ದೊಡ್ಡ ಆಟಗಾರರದಲ್ಲ. ಕರ್ಟ್ ಬೆವಾಕ್ವಾ ಅಂತೊಬ್ಬ ಸಾಧಾರಣ ಆಟಗಾರನಿದ್ದ. ಹಿಂದಿನ ವರ್ಷ ಆಟಗಾರರಿಗೇ ಏರ್ಪಡಿಸಿದ್ದ ಬಬಲ್ ಗಮ್ ಊದುವ ಪಂದ್ಯದಲ್ಲಿ ಅವನು ಗೆದ್ದಿದ್ದ. ಅದಕ್ಕೂ ಒಂದು ಕಾರ್ಡು: ಅವನ ಮುಖದ ಮುಂದೆ ಮುಖವನ್ನೇ ಮುಚ್ಚುವಂಥ ಗುಳ್ಳೆ, ಅದನ್ನು ಅಳೆಯಲು ಹಿಡಿದ ದೊಡ್ಡ ಅಳತೆ ಕಡ್ಡಿ. ಆಸ್ಕರ್ ಗ್ಯಾಂಬಲ್ ಎಂಬುವನದ್ದು ಇನ್ನೂ ಮಜಾ. ಟೋಪಿಯ ಎರಡು ಪಕ್ಕಕ್ಕೂ ಗುಂಗುರು ಕೂದಲು ಬುಟ್ಟಿಯಷ್ಟು ಉಬ್ಬಿ ನಿಂತಿತ್ತು. ಅವನು ಆಗಷ್ಟೇ ತಂಡ ಬದಲಿಸಿದ್ದ, ಹೊಸ ಟೋಪಿಯ ಫೋಟೋ ಸಿಕ್ಕಿರಲಿಲ್ಲ. ಹಳೆಯ ಫೋಟೋದ ಮೇಲೆ ಹೊಸ ತಂಡದ ಟೋಪಿಯನ್ನು ಬಣ್ಣದಲ್ಲಿ ಬರೆದುಬಿಟ್ಟಿದ್ದರು. ಆ ಕಾರ್ಡು ಕೈಯಿಂದ ಕೈಗೆ ಹೋಗಿ ನಗೆ ಎದ್ದಾಗ ನಾನೂ ನಕ್ಕೆ. ಇಲ್ಲಿನ ಹುಡುಗರ ಜೊತೆ ನಾನು ಮಾಡಿದ ಮೊದಲ ಮಾತುಕತೆ ಆ ನಗುವೇ.

ಆಮೇಲೆ ಕಾರ್ಡು ಬದಲಾಯಿಸುವುದನ್ನು ಕಲಿತೆ. ಎದುರಿನವನು ತನ್ನ ಕಟ್ಟನ್ನು ಒಂದೊಂದಾಗಿ ಸರಿಸುತ್ತಾ ಹೋಗಬೇಕು, ನಾವು "ಇದೆ, ಇದೆ, ಇದೆ, ಬೇಕು" ಅನ್ನುತ್ತಾ ಹೋಗಬೇಕು. ಬೇಕು ಅನ್ನುವಾಗ ಮುಖದಲ್ಲಿ ಆಸೆ ಕಾಣಿಸಿದರೆ ಕೆಟ್ಟೆವು, ಒಂದಕ್ಕೆ ಮೂರು ಕೇಳುತ್ತಿದ್ದರು. ಗೋಡೆಯ ಕಡೆ ಕಾರ್ಡು ಚಿಮ್ಮುವ ಆಟವೂ ಇತ್ತು. ಯಾರದ್ದು ಗೋಡೆಗೆ ಹತ್ತಿರ ಬಿತ್ತೋ ಅವರಿಗೆ ಅಷ್ಟೂ ಸೇರುತ್ತಿತ್ತು. ನಮ್ಮ ಗೋಲಿ ಆಟದ ಕೈ ಇದ್ದದ್ದರಿಂದ ನಾನು ಅದರಲ್ಲಿ ಸೋತದ್ದು ಕಡಿಮೆ. ಯಾರಿಗೂ ಬೇಡದ ಕಾರ್ಡನ್ನು ಬಟ್ಟೆ ಕ್ಲಿಪ್ಪಿನಿಂದ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಸಿಕ್ಕಿಸಿ, ಕಡ್ಡಿಗಳಿಗೆ ಬಡಿದು ಪಟಪಟ ಅನ್ನುವುದನ್ನು ಕೇಳುತ್ತಾ ಬೀದಿ ಸುತ್ತುತ್ತಿದ್ದೆವು.

ಕಾರ್ಡಿನ ಹಿಂಬದಿಯ ಅಂಕಿಗಳು ನಿಮ್ಮಜ್ಜಿಯ ಇಲಾಖೆ. ಕ್ರಿಕೆಟ್ಟಿನಲ್ಲಿ ಸರಾಸರಿ ಎಂದರೆ ಒಂದು ಸಲ ಔಟಾಗುವಷ್ಟರಲ್ಲಿ ಹೊಡೆದ ರನ್ನು. ಬೇಸ್‌ಬಾಲಿನಲ್ಲಿ ಹಾಗಲ್ಲ. ಹೊಡೆದು ಬೇಸ್ ಮುಟ್ಟಿದ ಸಲಗಳನ್ನು ಬ್ಯಾಟಿಗೆ ಬಂದ ಸಲಗಳಿಂದ ಭಾಗಿಸಿ, ದಶಾಂಶದ ಮೂರು ಸ್ಥಾನದವರೆಗೆ ಬರೆಯುತ್ತಾರೆ. ಮುನ್ನೂರು ಅಂದರೆ ಬಿಂದುವಿನ ಆಚೆಯ 300, ಹತ್ತರಲ್ಲಿ ಮೂರು. ಅಷ್ಟು ಹೊಡೆದವನು ಒಳ್ಳೆಯ ಆಟಗಾರ. ಅಕ್ಕ ಅಡಿಗೆಮನೆಯ ಮೇಜಿನ ಮೇಲೆ ಪೆನ್ಸಿಲ್ಲಿನಲ್ಲಿ ಭಾಗಾಕಾರ ಮಾಡಿ, ಕಂಪನಿಯವರ ಲೆಕ್ಕ ಸರಿಯಿದೆಯೇ ಅಂತ ತಾಳೆ ನೋಡುತ್ತಿದ್ದಳು. ಇವತ್ತೂ ತರಕಾರಿಯವನ ಲೆಕ್ಕವನ್ನು ಅವಳು ಬಾಯಲ್ಲೇ ಹಿಡಿಯುತ್ತಾಳಲ್ಲ, ಆ ಅಭ್ಯಾಸ ಅಲ್ಲಿಯದು.

ಈಗ ಒಂದು ಮುಖ್ಯವಾದ ವಿಷಯ. ನಮ್ಮೂರಿನ ತಂಡ ಪೈರೇಟ್ಸ್. ಆ ತಂಡದಲ್ಲಿ 18 ಋತು ಆಡಿದವರು ರೊಬೆರ್ಟೊ ಕ್ಲೆಮೆಂಟೆ, ಪೋರ್ಟೊರಿಕೊ ದ್ವೀಪದವರು. 1971ರ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿಯ ಗೆಲುವಿನ ಹೀರೋ. 1972ರ ಸೆಪ್ಟೆಂಬರ್ 30ರಂದು ತಮ್ಮ 3000ನೇ ಹಿಟ್ ಹೊಡೆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ನಿಕರಾಗುವದಲ್ಲಿ ಭೂಕಂಪವಾಯಿತು. ಪರಿಹಾರ ಸಾಮಗ್ರಿ ತುಂಬಿದ ವಿಮಾನದಲ್ಲಿ ಡಿಸೆಂಬರ್ 31ರಂದು ತಾವೇ ಹೊರಟರು. ವಿಮಾನ ಸಮುದ್ರಕ್ಕೆ ಬಿತ್ತು, ಅವರ ದೇಹವೂ ಸಿಗಲಿಲ್ಲ. ನಾನು ಬರುವಷ್ಟರಲ್ಲಿ ಅವರು ಹೋಗಿ ಮೂರು ವರ್ಷ ಕಳೆದಿದ್ದರೂ ಊರು ಇನ್ನೂ ಅವರನ್ನು ನೆನೆದು ಕಣ್ಣೊರೆಸಿಕೊಳ್ಳುತ್ತಿತ್ತು.

ಪಕ್ಕದ ಮನೆಯ ಹುಡುಗನ ಅಣ್ಣನ ಬಳಿ 1960ರ ದಶಕದ ಅವರ ಕಾರ್ಡೊಂದಿತ್ತು. ಅದರ ಮೇಲೆ 'ಬಾಬ್ ಕ್ಲೆಮೆಂಟೆ' ಅಂತ ಅಚ್ಚಾಗಿತ್ತು. ಇಲ್ಲಿನವರ ನಾಲಗೆಗೆ ಸುಲಭವಾಗಲೆಂದು ಕಂಪನಿಯವರು 1957ರಿಂದ 1969ರವರೆಗೆ ಹಾಗೇ ಅಚ್ಚು ಹಾಕಿದ್ದರು. ಅವರಿಗೆ ಅದು ಹಿಡಿಸುತ್ತಿರಲಿಲ್ಲ, ತಮ್ಮ ಹೆಸರು ರೊಬೆರ್ಟೊ ಎಂದೇ ಹೇಳುತ್ತಿದ್ದರು. 1970ರ ಕಾರ್ಡಿನಲ್ಲಿ ಅದು ಸರಿಯಾಯಿತು. ನಾನು ಈ ಕಥೆ ಕೇಳಿದ ಹೊತ್ತಿಗೆ ನನ್ನ ಟೀಚರೂ ನನ್ನ ಉದ್ದನೆಯ ಹೆಸರನ್ನು ಕತ್ತರಿಸಿ ಯಾವುದೋ ಒಂದು ತುಂಡಿನಿಂದ ಕರೆಯುತ್ತಿದ್ದರು. ಕ್ಲೆಮೆಂಟೆಯಂಥವರೇ ಬಿಡಲಿಲ್ಲವೆಂದ ಮೇಲೆ ನಾನೇಕೆ ಬಿಡಲಿ ಎಂದುಕೊಂಡು, ಹೋಗಿ ಪೂರ್ತಿ ಹೆಸರು ಹೇಳಿದೆ. ಪಾಪ, ಒಂದು ವಾರ ತಡವರಿಸಿ ಕಲಿತರು. ಆಮೇಲೆ ಕ್ಲೆಮೆಂಟೆಯವರ 1973ರ ಕಾರ್ಡನ್ನು ಆ ಹುಡುಗನಿಂದಲೇ ತಂದೆ. ನಾನು ಕೊಟ್ಟದ್ದು ಐದಾರು ಕಾರ್ಡು, ಜೊತೆಗೆ ನಮ್ಮಮ್ಮ ಕರಿದಿದ್ದ ಕೋಡುಬಳೆ. ಕೋಡುಬಳೆಗೆ ಅವನು ಎಷ್ಟು ಸೋತನೆಂದರೆ ಮುಂದಿನ ಚೌಕಾಸಿಗಳೆಲ್ಲ ನಮ್ಮ ಅಡಿಗೆಮನೆಯಲ್ಲೇ ನಡೆದವು.

1977ರಲ್ಲಿ ಊರ ಪಕ್ಕದ ಪೆನ್ ಹಿಲ್ಸ್‌ನ ಗುಡ್ಡದ ಮೇಲೆ ಶ್ರೀ ವೆಂಕಟೇಶ್ವರ ದೇವಸ್ಥಾನದ ಕುಂಭಾಭಿಷೇಕವಾಯಿತು. ಹಿರಿಯರು ಒಳಗೆ ಅರ್ಚನೆಗೆ ನಿಂತರೆ, ಕನ್ನಡ, ತೆಲುಗು, ತಮಿಳು ಮನೆಗಳ ಹುಡುಗರಾದ ನಾವು ಪುಳಿಯೋಗರೆ ತಿಂದ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಗಿನ ಮೆಟ್ಟಿಲ ಮೇಲೆ ಕಾರ್ಡು ಬಿಚ್ಚುತ್ತಿದ್ದೆವು. 1979ರಲ್ಲಿ ಪೈರೇಟ್ಸ್ ಒಂದಕ್ಕೆ ಮೂರರಂತೆ ಹಿಂದೆ ಬಿದ್ದಿದ್ದರೂ ಮೇಲೆದ್ದು, ವರ್ಲ್ಡ್ ಸೀರೀಸ್ ಗೆದ್ದರು. ತಂಡದ ಹಿರಿಯ ವಿಲ್ಲಿ ಸ್ಟಾರ್ಜೆಲ್ ಆ ವರ್ಷ ಚೆನ್ನಾಗಿ ಆಡಿದವರಿಗೆಲ್ಲ ತಮ್ಮ ಕೈಯಾರೆ ಬಟ್ಟೆಯ ನಕ್ಷತ್ರ ಕೊಡುತ್ತಿದ್ದರು, ಆಟಗಾರರು ಅದನ್ನು ಟೋಪಿಗೆ ಹೊಲಿಸಿಕೊಳ್ಳುತ್ತಿದ್ದರು. ಲಕ್ಷಗಟ್ಟಲೆ ಗಳಿಸುವ ಆಟಗಾರರೂ ಒಂದು ತುಂಡು ಬಟ್ಟೆಗೆ ಆಸೆಪಡುತ್ತಿದ್ದರಲ್ಲ, ಅದು ಕೊಟ್ಟವರ ಬೆಲೆ.

ಇನ್ನು ಬೆಲೆಯ ಕುರಿತ ನಿನ್ನ ಪ್ರಶ್ನೆಗೆ ಬರುತ್ತೇನೆ. ಹಿಂದೆ ಸಿಗರೇಟು ಪೊಟ್ಟಣ ನಜ್ಜುಗುಜ್ಜಾಗದಿರಲೆಂದು ಗಟ್ಟಿ ರಟ್ಟಿನ ತುಂಡು ಇಡುತ್ತಿದ್ದರು, ಅದರ ಮೇಲೆ ಆಟಗಾರರ ಚಿತ್ರ ಬಂತು. ನಮ್ಮ ಪಿಟ್ಸ್‌ಬರ್ಗಿನವರೇ ಆದ ಹೋನಸ್ ವ್ಯಾಗ್ನರ್ ಅವರ ಅಂಥದ್ದೊಂದು ಕಾರ್ಡು 1909ರಿಂದ 1911ರವರೆಗಿನ ಸರಣಿಯದು. ಅದರ ಮುದ್ರಣ ಬೇಗನೆ ನಿಂತುಹೋಯಿತು, ಉಳಿದದ್ದು ಬಹಳ ಕಡಿಮೆ. 2022ರಲ್ಲಿ ಒಂದು 72.5 ಲಕ್ಷ ಡಾಲರಿಗೆ ಹೋಯಿತು. ಅದೇ ವರ್ಷ ಮಿಕ್ಕಿ ಮ್ಯಾಂಟಲ್ ಎಂಬ ಆಟಗಾರರ 1952ರ ಟಾಪ್ಸ್ ಕಾರ್ಡು 1.26 ಕೋಟಿ ಡಾಲರ್ ತಂದಿತು. ಆ 1952ರ ಸರಣಿಯ ಮಾರಾಟವಾಗದ ಪೆಟ್ಟಿಗೆಗಳನ್ನು 1960ರಲ್ಲಿ ಕಂಪನಿಯವರೇ ದೋಣಿಗೆ ಹೇರಿಕೊಂಡು ಹೋಗಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿದಿದ್ದರು. ಮಕ್ಕಳ ಕೈಗೆ ಹೋದವೂ ಜೇಬಿನಲ್ಲಿ ಮಡಚಿ, ಸೈಕಲ್ಲಿಗೆ ಸಿಕ್ಕಿ, ಮಳೆಯಲ್ಲಿ ನೆನೆದು ಹಾಳಾದವು. ಅಷ್ಟೆಲ್ಲ ಹಾಳಾದ್ದರಿಂದಲೇ ಉಳಿದದ್ದಕ್ಕೆ ಆ ಬೆಲೆ.

ಹಳೆಯ ಕಾರ್ಡುಗಳ ಬೆಲೆ ಏರುವುದನ್ನು ಕಂಡು 1980ರ ದಶಕದ ಕೊನೆಗೇ ಎಲ್ಲರಿಗೂ ಆಸೆ ಹತ್ತಿತು. ಅಪ್ಪಂದಿರು ಮಕ್ಕಳ ಕಾಲೇಜು ಫೀಸಿಗಾಗುತ್ತದೆಂದು ಪೆಟ್ಟಿಗೆಗಟ್ಟಲೆ ಕೊಂಡು, ಬಿಚ್ಚದೆ ಅಟ್ಟದ ಮೇಲಿಟ್ಟರು. ಕಂಪನಿಗಳು ಅಚ್ಚು ಹಾಕಿದ್ದೇ ಹಾಕಿದ್ದು. ಇವತ್ತು ಆ ಪೆಟ್ಟಿಗೆಗಳಲ್ಲಿ ಹೆಚ್ಚಿನವಕ್ಕೆ ಕೊಟ್ಟ ದುಡ್ಡೂ ಹುಟ್ಟುವುದಿಲ್ಲ. ಎಲ್ಲರೂ ಜೋಪಾನ ಮಾಡಿದ ವಸ್ತುವಿಗೆ ಗಿರಾಕಿ ಎಲ್ಲಿ? ದುಡ್ಡೂ ಹೋಯಿತು, ಆ ಮನೆಯ ಮಕ್ಕಳಿಗೆ ಆಟವೂ ದಕ್ಕಲಿಲ್ಲ.

ನನ್ನವು ಮೂಲೆ ಸವೆದ, ಗಮ್ಮಿನ ಕಲೆ ಹಿಡಿದ, ರಬ್ಬರ್ ಬ್ಯಾಂಡು ಕೊರೆದ ಕಾರ್ಡುಗಳು. ಅಂಗಡಿಯವರು ಹತ್ತಕ್ಕೆ ಅಂಕ ಹಾಕಿ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮುದ್ರೆ ಒತ್ತುತ್ತಾರಲ್ಲ, ಅವರ ಮುಂದೆ ಇವು ಫೇಲು. ನಿನಗೆ ಒಂದು ಒಳ್ಳೆಯ ಬ್ಯಾಟು ಬರುವಷ್ಟೂ ಇವುಗಳಿಂದ ಹುಟ್ಟಲಾರದು. ಆದರೆ ಕೋಡುಬಳೆ ತಿಂದ ಆ ಹುಡುಗ ನನ್ನ ಮದುವೆಗೆ ಮೈಸೂರಿಗೆ ಬಂದು ಪಂಚೆ ಉಟ್ಟು ಛತ್ರದಲ್ಲಿ ಓಡಾಡಿದ್ದನ್ನು ನಿಮ್ಮಜ್ಜಿಯನ್ನು ಕೇಳು, ಹೇಳುತ್ತಾಳೆ. ಈಗಲೂ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ನನಗೆ ಕಾರ್ಡಿನಿಂದ ಬಂದ ಆದಾಯ ಅದು.

ಕೂಡಿಡಬೇಡ ಅನ್ನುತ್ತಿಲ್ಲ ಪುಟ್ಟಾ. ಇಷ್ಟವಾದ ನಾಲ್ಕನ್ನು ಜೋಪಾನ ಮಾಡು, ಹಿಂದಿರುವುದನ್ನು ಓದು, ಯಾರು ಎಲ್ಲಿಂದ ಬಂದು ಆಡುತ್ತಿದ್ದಾರೆಂದು ತಿಳಿದುಕೋ. ಉಳಿದವನ್ನು ಕವರಿನಿಂದ ಹೊರಗೆ ತೆಗೆ. ನಿಮ್ಮ ಬೀದಿಗೆ ಹೊಸದಾಗಿ ಬಂದ, ಇನ್ನೂ ಕನ್ನಡ ಬಾರದ ಹುಡುಗನೊಬ್ಬ ಗೇಟಿನ ಹತ್ತಿರ ಒಬ್ಬನೇ ನಿಂತಿರುತ್ತಾನೆಂದು ನಿಮ್ಮಮ್ಮ ಹೇಳಿದಳು. ಈ ಭಾನುವಾರ ಬೀರುವಿನ ಬೀಗ ತೆಗೆದು, ನಿನ್ನ ಕಾರ್ಡಿನ ಕಟ್ಟು ತೆಗೆದುಕೊಂಡು ಅವನ ಹತ್ತಿರ ಹೋಗು. ಅವನ ಬಳಿ ಬದಲಿಗೆ ಕೊಡಲು ಏನೂ ಇಲ್ಲದಿದ್ದರೆ ಮೊದಲ ಕಾರ್ಡನ್ನು ಸುಮ್ಮನೆ ಕೊಡು.

ಅಜ್ಜಿಗೆ, ಅಪ್ಪ ಅಮ್ಮನಿಗೆ ನನ್ನ ನೆನಪು ಹೇಳು. ಕನ್ನಡದಲ್ಲೇ ಉತ್ತರ ಬರಿ, ಕಾಗುಣಿತ ತಪ್ಪಾದರೂ ಚಿಂತೆಯಿಲ್ಲ.

ಇಂತಿ ನಿನ್ನ ಪ್ರೀತಿಯ,
ಅಮೆರಿಕಾ ತಾತ