ಕೆರಳುವ ಕರುಳು: ಗುರುತಿಸುವ ಬಗೆ, ನಿಭಾಯಿಸುವ ಬಗೆ

ಬಹಿರ್ದೆಸೆಯ ವಿಚಾರವನ್ನು ನಾಲ್ವರ ಮುಂದೆ ಆಡಬಾರದೆಂಬ ಸಂಕೋಚ ನಮ್ಮಲ್ಲಿ ಬಹಳ. ಅದರಿಂದಾಗಿ ಕೊಳ್ಳೇಗಾಲದ ರೇಷ್ಮೆ ಮಗ್ಗದ ಮನೆಗಳಲ್ಲಿ, ಹನೂರಿನ ಬೆದ್ದಲು ಹೊಲಗಳಲ್ಲಿ, ಯಳಂದೂರಿನ ಗದ್ದೆಬಯಲಿನಲ್ಲಿ ವರ್ಷಗಟ್ಟಲೆ ಹೊಟ್ಟೆ ಹಿಡಿದುಕೊಂಡು ದುಡಿಯುವವರು ತಮ್ಮ ವ್ಯಥೆಯನ್ನೆಲ್ಲ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಪದದಲ್ಲಿ ಅಡಗಿಸಿಬಿಡುತ್ತಾರೆ. ಬೆಳಗ್ಗೆ ಮೂರು ಬಾರಿ ಹೋಗಿ ಬಂದರೂ ಹೊಟ್ಟೆ ತೆರವಾದ ಸಮಾಧಾನವಿಲ್ಲ. ಬಸ್ಸು ಹತ್ತಬೇಕೆಂದರೆ ಅಂಜಿಕೆ. ನೆಂಟರ ಮನೆಯ ಮದುವೆಗೆ ಹೋಗುವುದನ್ನೇ ಬಿಟ್ಟವರಿದ್ದಾರೆ. ಇವರಲ್ಲಿ ಅನೇಕರಿಗೆ ಇರುವುದು ವೈದ್ಯರು ಐ.ಬಿ.ಎಸ್. ಎಂದು ಕರೆಯುವ ತೊಂದರೆ. ಕನ್ನಡದಲ್ಲಿ ಇದನ್ನು ಕೆರಳುವ ಕರುಳು ಎನ್ನಬಹುದು.

ಇದನ್ನು ಗುರುತಿಸಲು ವೈದ್ಯಲೋಕ 2016ರಲ್ಲಿ ಒಪ್ಪಿಕೊಂಡ ಅಳತೆಗೋಲೊಂದಿದೆ. ಕಳೆದ ಮೂರು ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ಹೊಟ್ಟೆನೋವು ಇರಬೇಕು. ಆ ನೋವಿನೊಡನೆ ಮೂರು ಸಂಗತಿಗಳಲ್ಲಿ ಎರಡಾದರೂ ಕೂಡಿರಬೇಕು: ಮಲವಿಸರ್ಜನೆಗೂ ನೋವಿಗೂ ಸಂಬಂಧ, ಹೋಗುವ ಸಲದಲ್ಲಿ ಏರುಪೇರು, ಮಲದ ಗಟ್ಟಿತನದಲ್ಲಿ ಬದಲಾವಣೆ. ತೊಂದರೆ ಮೊದಲಾಗಿ ಆರು ತಿಂಗಳು ಕಳೆದಿರಬೇಕು. ಕೆಲವರಿಗೆ ಭೇದಿ ಮುಂದಾಗಿರುತ್ತದೆ, ಕೆಲವರಿಗೆ ಮಲಬದ್ಧತೆ. ಇನ್ನು ಕೆಲವರಿಗೆ ಎರಡೂ ಸರದಿಯ ಮೇಲೆ ಬರುತ್ತವೆ. ನಮ್ಮಲ್ಲಿ ಹೆಚ್ಚಿನವರು ಮೊದಲು ಹೇಳುವುದು ನೋವಿಗಿಂತ ಹೊಟ್ಟೆಯುಬ್ಬರವನ್ನು.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಐ.ಬಿ.ಎಸ್. ಕರುಳನ್ನು ಹುಣ್ಣಾಗಿಸುವುದಿಲ್ಲ, ಕ್ಯಾನ್ಸರಿಗೆ ತಿರುಗುವುದೂ ಇಲ್ಲ. ಆದರೆ ಬೇರೆ ಕಾಯಿಲೆಗಳು ಇದರ ವೇಷದಲ್ಲಿ ಬರುತ್ತವೆ. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಬಿಡದ ಜ್ವರ, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಭೇದಿ, ಮನೆತನದಲ್ಲಿ ಕರುಳಿನ ಕ್ಯಾನ್ಸರ್, ಐವತ್ತು ದಾಟಿದ ಮೇಲೆ ಹೊಸದಾಗಿ ಕಾಣಿಸಿಕೊಂಡ ತೊಂದರೆ: ಇವುಗಳಲ್ಲಿ ಒಂದಿದ್ದರೂ ಈ ಲೇಖನವನ್ನು ಬದಿಗಿಟ್ಟು ವೈದ್ಯರನ್ನು ಕಾಣಬೇಕು. ರಕ್ತ ಕಂಡಾಗ ‘ಮೂಲವ್ಯಾಧಿ ಇರಬೇಕು’ ಎಂದು ತಾವೇ ತೀರ್ಮಾನಿಸಿ ನಾಟಿ ಔಷಧಿಯಲ್ಲಿ ಆರು ತಿಂಗಳು ಕಳೆಯುವುದು ಪ್ರಾಣಕ್ಕೇ ಸಂಚಕಾರವಾಗಬಹುದು. ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಮಲಪರೀಕ್ಷೆಯನ್ನೇ ಮಾಡಿಸದೆ ‘ಅಮೀಬಾ’ ಎಂದು ಭಾವಿಸಿ, ಔಷಧದಂಗಡಿಯಿಂದ ಮೆಟ್ರೊನಿಡಜೋಲ್ ಮಾತ್ರೆಯನ್ನು ತಿಂಗಳಿಗೊಮ್ಮೆ ತಂದು ನುಂಗುವುದರಿಂದ ಕೆರಳುವ ಕರುಳು ಶಾಂತವಾಗುವುದಿಲ್ಲ.

ಕರುಳಿನ ಗೋಡೆಯಲ್ಲಿ ಹತ್ತು ಕೋಟಿಗೂ ಮಿಕ್ಕಿದ ನರಕೋಶಗಳಿವೆ. ಮೆದುಳಿಗೂ ಅವಕ್ಕೂ ಸದಾ ಸಂದೇಶಗಳ ವಿನಿಮಯ ನಡೆದೇ ಇರುತ್ತದೆ. ಈ ತೊಂದರೆಯುಳ್ಳವರಲ್ಲಿ ಆ ನರಗಳು ಅತಿಯಾಗಿ ಸೂಕ್ಷ್ಮವಾಗಿರುತ್ತವೆ. ಇತರರಿಗೆ ಅರಿವಿಗೇ ಬಾರದಷ್ಟು ವಾಯು ಇವರಿಗೆ ನುಲಿತವಾಗಿ ತೋರುತ್ತದೆ. ಪರೀಕ್ಷೆಗಳಲ್ಲಿ ‘ಏನೂ ಇಲ್ಲ’ ಎಂದು ಬಂದಾಗ ಮನೆಯವರು ನಟನೆಯೆಂದು ತಿಳಿಯುವುದುಂಟು. ನೋವು ನಿಜವಾದದ್ದೇ, ಸೊಸೆಯನ್ನು ಹಾಗೆ ಆಡಿಕೊಳ್ಳುವ ಅತ್ತೆಯಂದಿರು ಇದನ್ನು ಗಮನಿಸಬೇಕು.

ಹೊಟ್ಟೆಯ ಸೋಂಕಿನ ಬಳಿಕವೂ ಇದು ಮೊದಲಾಗಬಹುದು. ಕೆನಡಾದ ವಾಕರ್ಟನ್ ಎಂಬ ಸಣ್ಣ ಊರಿನಲ್ಲಿ 2000ನೆಯ ಇಸವಿಯ ಮೇ ತಿಂಗಳಿನಲ್ಲಿ ಮಳೆನೀರಿನೊಡನೆ ದನದ ಸಗಣಿಯ ಕಲ್ಮಷ ಕುಡಿಯುವ ನೀರಿಗೆ ಸೇರಿ, ಎರಡು ಸಾವಿರಕ್ಕೂ ಹೆಚ್ಚು ಜನ ಭೇದಿಯಿಂದ ನರಳಿದರು, ಏಳು ಮಂದಿ ತೀರಿಕೊಂಡರು. ಚೇತರಿಸಿಕೊಂಡವರನ್ನು ವೈದ್ಯರು ಅನುಸರಿಸಿ ನೋಡಿದಾಗ, ಎಂಟು ವರ್ಷಗಳ ಮೇಲೂ ಹಲವರಲ್ಲಿ ಐ.ಬಿ.ಎಸ್. ಉಳಿದಿತ್ತು. ಕೊಳ್ಳೇಗಾಲ, ಹನೂರು, ಕೌದಳ್ಳಿ, ತಾಳಬೆಟ್ಟದ ಹಾದಿಯಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ನಡೆದು ಹೋಗುವ ಭಕ್ತರು ದಾರಿಯ ಹಳ್ಳದ ನೀರನ್ನು ಹಾಗೆಯೇ ಕುಡಿಯದೆ, ಕುದಿಸಿ ಆರಿಸಿದ ನೀರನ್ನು ಒಯ್ಯಬೇಕೆನ್ನುವುದು ಇದಕ್ಕಾಗಿ.

ಇನ್ನು ಆಹಾರ. ಕೆಲವು ಬಗೆಯ ಸಕ್ಕರೆಯಂಶಗಳು ಸಣ್ಣಕರುಳಿನಲ್ಲಿ ಜೀರ್ಣವಾಗದೆ ದೊಡ್ಡಕರುಳಿಗೆ ಹೋಗಿ ಅಲ್ಲಿ ಹುದುಗುತ್ತವೆ. ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳುಗಳಲ್ಲಿ ಇವು ಹೆಚ್ಚು. ಇವನ್ನು ಕಡಿಮೆ ಮಾಡುವ ಕ್ರಮವನ್ನು ರೂಪಿಸಿದವರು ಆಸ್ಟ್ರೇಲಿಯಾದ ಮೊನಾಷ್ ವಿಶ್ವವಿದ್ಯಾಲಯದವರು. ನಮ್ಮ ಸೀಮೆಯ ಊಟಕ್ಕೆ ಇದನ್ನು ಹೊಂದಿಸುವುದು ಕಷ್ಟವೇನಲ್ಲ. ರಾಗಿಮುದ್ದೆಯನ್ನು ಬಿಡಬೇಕಾಗಿಲ್ಲ, ಅನೇಕ ಸಲ ತೊಂದರೆ ಮುದ್ದೆಯದಲ್ಲ, ಜೊತೆಗಿರುವ ಸಾರಿನದು. ಹುರುಳಿ, ಅವರೆ, ಅಲಸಂದೆ ಬೇಯಿಸಿದಾಗ ವಾಯು ತರುವ ಸಕ್ಕರೆಯಂಶ ನೀರಿಗೆ ಇಳಿಯುತ್ತದೆ. ನಾವು ಉಪ್ಸಾರು, ಬಸ್ಸಾರು ಮಾಡುವುದು ಬಸಿದ ಆ ನೀರಿನಿಂದಲೇ! ಆದುದರಿಂದ ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಬೇಕು. ಬೇಯಿಸಿದ ಕಾಳನ್ನು ಅಳತೆಯಾಗಿ ಉಂಡು, ಕಟ್ಟನ್ನು ಮನೆಯ ಇತರರಿಗೆ ಬಿಡಬಹುದು. ದಂಟಿನ ಸೊಪ್ಪಷ್ಟನ್ನೇ ಬೇಯಿಸಿದ ಉಪ್ಸಾರು ಹಲವರಿಗೆ ಒಗ್ಗುತ್ತದೆ, ಆದರೆ ಖಾರ ಮಿತವಾಗಿರಲಿ. ಮಾಗಿಯಲ್ಲಿ ಸೊಗಡವರೆಯ ಆಸೆಯನ್ನು ತಡೆಯುವುದು ಮಾತ್ರ ಯಾರಿಗೂ ಸುಲಭವಲ್ಲ. ಹಾಲು ಒಗ್ಗದವರಿಗೆ ಮಜ್ಜಿಗೆ ಸಾಮಾನ್ಯವಾಗಿ ಒಗ್ಗುತ್ತದೆ, ಹುಳಿಯುವಾಗ ಹಾಲಿನ ಸಕ್ಕರೆ ಇಳಿದಿರುತ್ತದೆ.

ಈ ಪಥ್ಯ ಜೀವನಪೂರ್ತಿಯದಲ್ಲ. ನಾಲ್ಕರಿಂದ ಆರು ವಾರ ಬಿಟ್ಟಿದ್ದು, ಬಳಿಕ ಒಂದೊಂದೇ ಪದಾರ್ಥವನ್ನು ಮತ್ತೆ ಸೇರಿಸಿ, ತಮಗೆ ಆಗದಿರುವುದು ಯಾವುದೆಂದು ಕಂಡುಕೊಳ್ಳಬೇಕು. ಎಲ್ಲವನ್ನೂ ಬಿಟ್ಟು ಸೊರಗಿದವರು ಕಡಿಮೆಯಿಲ್ಲ.

ದಾಸೋಹದ ಪಂಕ್ತಿಯಲ್ಲಿ ಪ್ರಸಾದವನ್ನು ಬಿಡಬಾರದೆಂಬ ಭಾವದಿಂದ ಹೊಟ್ಟೆ ಬೇಡವೆಂದರೂ ಉಣ್ಣುವವರಿದ್ದಾರೆ. ಬಡಿಸುವಾಗಲೇ ‘ಸ್ವಲ್ಪ ಸಾಕು’ ಎಂದು ಕೇಳಿ ಹಾಕಿಸಿಕೊಂಡರೆ ಪ್ರಸಾದವೂ ವ್ಯರ್ಥವಾಗದು, ಹೊಟ್ಟೆಯೂ ಕೆರಳದು. ಇಡೀ ದಿನ ಉಪವಾಸವಿದ್ದು ರಾತ್ರಿ ಒಮ್ಮೆಲೇ ತುಂಬ ಉಣ್ಣುವುದೂ ಇವರಿಗೆ ಹಿತವಲ್ಲ.

ಮಲಬದ್ಧತೆಯಿರುವವರಿಗೆ ಇಸಬ್‌ಗೋಲ್ ಉಪಯುಕ್ತ. ಒಂದು ಚಮಚದಿಂದ ಆರಂಭಿಸಿ ತುಂಬಿದ ಲೋಟ ನೀರಿನೊಡನೆ ತೆಗೆದುಕೊಳ್ಳಬೇಕು. ಗೋಧಿತೌಡು ಉಬ್ಬರವನ್ನು ಹೆಚ್ಚಿಸಬಹುದು. ನುಲಿತಕ್ಕೆ ಕರುಳಿನ ಬಿಗಿತ ಸಡಿಲಿಸುವ ಮಾತ್ರೆಗಳಿವೆ. ವೈದ್ಯರು ಕೆಲವೊಮ್ಮೆ ಅಮಿಟ್ರಿಪ್ಟಿಲಿನ್ ಎಂಬ ಔಷಧಿಯನ್ನು ಅತಿ ಕಡಿಮೆ ಪ್ರಮಾಣದಲ್ಲಿ ಕೊಡುತ್ತಾರೆ. ಅದು ಮನೋರೋಗದ ಮಾತ್ರೆಯೆಂದು ಯಾರೋ ಹೇಳಿದ್ದನ್ನು ಕೇಳಿ ಎಸೆದುಬಿಡುವವರಿದ್ದಾರೆ. ಕರುಳಿನ ನರಗಳ ಅತಿಸೂಕ್ಷ್ಮತೆಯನ್ನು ತಗ್ಗಿಸಲೆಂದು ಅದನ್ನು ಕೊಡಲಾಗುತ್ತದೆ. ಇಂಗ್ಲೆಂಡಿನ ಸಾಮಾನ್ಯ ವೈದ್ಯರ ರೋಗಿಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ಅದರ ಪ್ರಯೋಜನವನ್ನು ತೋರಿಸಿದೆ. ತಾವಾಗಿ ಆರಂಭಿಸುವುದಾಗಲಿ ನಿಲ್ಲಿಸುವುದಾಗಲಿ ಸಲ್ಲದು.

ವೈದ್ಯರನ್ನು ಕಾಣುವ ಮುನ್ನ ಎರಡು ವಾರ ಒಂದು ನೋಟುಪುಸ್ತಕದಲ್ಲಿ ಬರೆದಿಡಿ: ಏನು ಉಂಡಿರಿ, ಎಷ್ಟು ಸಲ ಹೋದಿರಿ, ನೋವು ಯಾವಾಗ ಬಂತು, ಅಂದು ಮನೆಯಲ್ಲಿ ಚಿಂತೆಯ ಸಂಗತಿಯೇನಾದರೂ ಇತ್ತೇ, ರಾತ್ರಿ ನಿದ್ದೆ ಹೇಗಿತ್ತು. ಬಾಯಿಬಿಟ್ಟು ಹೇಳಲು ನಾಚಿಕೆಯಾಗುವವರು ಆ ಪುಸ್ತಕವನ್ನೇ ವೈದ್ಯರ ಮುಂದೆ ತೆರೆದಿಡಬಹುದು.