ಕಲ್ಲಿದ್ದಲಿಗೆ ಬದಲಿ ವಿದ್ಯುತ್: ಸರಕು ದೊರೆತಿದೆ, ಉಗ್ರಾಣ ದೊರೆಯಬೇಕಾಗಿದೆ

ಯಾವುದೇ ವ್ಯಾಪಾರದಲ್ಲಿ ಸರಕಿನ ಬೆಲೆ ಎಷ್ಟು ಮುಖ್ಯವೋ, ಬೇಡಿಕೆ ಬರುವವರೆಗೆ ಅದನ್ನು ಕಾಪಿಡುವ ಉಗ್ರಾಣವೂ ಅಷ್ಟೇ ಮುಖ್ಯ. ವಿದ್ಯುಚ್ಛಕ್ತಿಯೂ ಈ ನಿಯಮಕ್ಕೆ ಹೊರತಲ್ಲ. ಅದು ಉತ್ಪಾದನೆಯಾದ ಕ್ಷಣದಲ್ಲಿಯೇ ಬಳಕೆಯಾಗಬೇಕಾದ ಸರಕು. ಉತ್ಪಾದನೆ ಮತ್ತು ಬಳಕೆಗಳು ಪ್ರತಿ ಕ್ಷಣವೂ ಸರಿಸಮನಾಗಿದ್ದರೆ ಮಾತ್ರ ಪ್ರಸರಣ ಜಾಲದ ಆವರ್ತನವು 50 ಹರ್ಟ್ಜ್‌ನ ಆಸುಪಾಸಿನಲ್ಲಿ ನಿಲ್ಲುತ್ತದೆ. ಕೊರತೆ ಬಿದ್ದಾಗ ಲೋಡ್ ಶೆಡ್ಡಿಂಗ್ ಅನಿವಾರ್ಯವಾಗುತ್ತದೆ.

2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಭಾರತವು ಪಳೆಯುಳಿಕೆ ಇಂಧನವಲ್ಲದ ಮೂಲಗಳ ವಿದ್ಯುತ್ ಸಾಮರ್ಥ್ಯವನ್ನು 2030ರ ವೇಳೆಗೆ 5 ಲಕ್ಷ ಮೆಗಾವ್ಯಾಟ್‌ಗೆ ಏರಿಸುವ ಗುರಿಯನ್ನು ಪ್ರಕಟಿಸಿತು. 2025ರ ಮಧ್ಯಭಾಗದಲ್ಲಿ ದೇಶದ ಒಟ್ಟು ಸ್ಥಾಪಿತ ಸಾಮರ್ಥ್ಯದ ಅರ್ಧದಷ್ಟು ಇಂತಹ ಮೂಲಗಳದ್ದಾಯಿತು. ಆದರೆ ವಾಸ್ತವವಾಗಿ ಉತ್ಪಾದನೆಯಾದ ಯೂನಿಟ್‌ಗಳಲ್ಲಿ ಸಿಂಹಪಾಲು ಆಗಲೂ ಕಲ್ಲಿದ್ದಲಿನದೇ ಆಗಿತ್ತು. ಸಾಮರ್ಥ್ಯಕ್ಕೂ ಉತ್ಪಾದನೆಗೂ ಇರುವ ಈ ಅಂತರವನ್ನು ಕರ್ನಾಟಕದ ಎರಡು ಕೇಂದ್ರಗಳ ಹೋಲಿಕೆಯಿಂದ ಅರಿಯಬಹುದು.

ರಾಯಚೂರು ಮತ್ತು ಪಾವಗಡ

ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರದ ಸಾಮರ್ಥ್ಯ 1,720 ಮೆಗಾವ್ಯಾಟ್. 2019ರಲ್ಲಿ ಪೂರ್ಣಗೊಂಡ ಪಾವಗಡದ ಸೌರ ಪಾರ್ಕ್‌ನ ಸಾಮರ್ಥ್ಯ 2,050 ಮೆಗಾವ್ಯಾಟ್. ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆ ಭೂಮಿಯಲ್ಲಿ ಅದು ಹರಡಿದೆ. ಮೇಲ್ನೋಟಕ್ಕೆ ಎರಡನೆಯದೇ ದೊಡ್ಡದು. ಆದರೆ ರಾತ್ರಿ, ಮೋಡ ಮತ್ತು ಇಳಿಬಿಸಿಲುಗಳ ಕಾರಣದಿಂದ ಸೌರ ಕೇಂದ್ರದ ವಾರ್ಷಿಕ ಸರಾಸರಿ ಉತ್ಪಾದನೆಯು ಸಾಮರ್ಥ್ಯದ ಶೇಕಡ 22ರಷ್ಟು ಎಂದು ಹಿಡಿದರೆ, ಪಾವಗಡದಿಂದ ದಿನಕ್ಕೆ ದೊರೆಯುವುದು ಸುಮಾರು 1.08 ಕೋಟಿ ಯೂನಿಟ್. ರಾಯಚೂರು ಕೇಂದ್ರವು ಶೇಕಡ 70ರ ಮಟ್ಟದಲ್ಲಿ ನಡೆದರೆ ದಿನಕ್ಕೆ ಸುಮಾರು 2.89 ಕೋಟಿ ಯೂನಿಟ್ ದೊರೆಯುತ್ತದೆ. ಎಂದರೆ ಒಂದು ರಾಯಚೂರಿಗೆ ಬದಲಾಗಿ ಹೆಚ್ಚುಕಡಿಮೆ ಮೂರು ಪಾವಗಡಗಳು ಬೇಕು.

ಇದು ಬಂಡವಾಳ ಮತ್ತು ಭೂಮಿಯ ಪ್ರಶ್ನೆ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ಶಾಖೋತ್ಪನ್ನ ಕೇಂದ್ರದ ಅಂಗಳದಲ್ಲಿ ರಾಶಿ ಹಾಕಿದ ಕಲ್ಲಿದ್ದಲೇ ಒಂದು ಉಗ್ರಾಣ. ಒಂದು ಯೂನಿಟ್‌ಗೆ ಸುಮಾರು 0.7 ಕಿಲೋಗ್ರಾಂ ಕಲ್ಲಿದ್ದಲು ಬೇಕೆಂದು ಲೆಕ್ಕ ಹಾಕಿದರೆ, ರಾಯಚೂರಿನ ಎಲ್ಲ ಘಟಕಗಳೂ ಪೂರ್ಣವಾಗಿ ನಡೆದಾಗ ದಿನಕ್ಕೆ ಸುಮಾರು 29 ಸಾವಿರ ಟನ್ ವೆಚ್ಚವಾಗುತ್ತದೆ. ಅಂತಹ ಹತ್ತು ದಿನಗಳ ದಾಸ್ತಾನಿನಲ್ಲಿ 41 ಕೋಟಿ ಯೂನಿಟ್ ಅಡಗಿರುತ್ತದೆ. 100 ಮೆಗಾವ್ಯಾಟ್ ವಿದ್ಯುತ್ತನ್ನು ಎರಡು ಗಂಟೆ ಕಾಲ ನೀಡಬಲ್ಲ ಬ್ಯಾಟರಿ ಸ್ಥಾವರವು ಹಿಡಿದಿಡುವುದು 2 ಲಕ್ಷ ಯೂನಿಟ್ ಮಾತ್ರ. ಆ ಕಲ್ಲಿದ್ದಲ ರಾಶಿಗೆ ಸಮನಾಗಲು ಇಂತಹ ಎರಡು ಸಾವಿರಕ್ಕೂ ಹೆಚ್ಚು ಸ್ಥಾವರಗಳು ಬೇಕಾಗುತ್ತವೆ.

ಸಂಜೆಯ ಕೊರತೆ

ಹಾಗೆಂದು ನಿರಾಶರಾಗಬೇಕಿಲ್ಲ, ಹತ್ತು ದಿನಗಳ ದಾಸ್ತಾನು ಪ್ರತಿದಿನವೂ ಬೇಕಾಗುವುದಿಲ್ಲ. ಪ್ರತಿದಿನ ಬೇಕಾಗುವುದು ಸೂರ್ಯಾಸ್ತದ ನಂತರದ ನಾಲ್ಕೈದು ಗಂಟೆಗಳ ವಿದ್ಯುತ್. ರಾಯಚೂರಿನ ಪೂರ್ಣ ಸಾಮರ್ಥ್ಯವನ್ನು ಐದು ಗಂಟೆ ಕಾಲ ತುಂಬಲು 86 ಲಕ್ಷ ಯೂನಿಟ್ ಸಾಕು. ಬ್ಯಾಟರಿಗೆ ತುಂಬಿದ 100 ಯೂನಿಟ್‌ಗಳಲ್ಲಿ ಸುಮಾರು 85ರಿಂದ 90 ಹಿಂದಿರುಗುವುದರಿಂದ, ಹಗಲಿನಲ್ಲಿ ಒಂದು ಕೋಟಿ ಯೂನಿಟ್‌ನಷ್ಟು ತುಂಬಬೇಕು. ಅದು ಪಾವಗಡದ ಬಹುತೇಕ ಇಡೀ ದಿನದ ಗಳಿಕೆ. ಇದು ದುಬಾರಿಯಾದರೂ ಸಾಧ್ಯವಿರುವ ಕೆಲಸ.

ಇನ್ನೊಂದು ಮಾರ್ಗ ಪಂಪ್ಡ್ ಸ್ಟೋರೇಜ್. ವಿದ್ಯುತ್ ಅಗ್ಗವಾಗಿರುವ ಹೊತ್ತಿನಲ್ಲಿ ಕೆಳಗಿನ ಜಲಾಶಯದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಬೇಡಿಕೆಯ ಹೊತ್ತಿನಲ್ಲಿ ಅದನ್ನೇ ಕೆಳಗಿಳಿಸಿ ವಿದ್ಯುತ್ ಪಡೆಯುವ ಈ ಕ್ರಮದಲ್ಲಿ 100 ಯೂನಿಟ್‌ಗೆ ಸುಮಾರು 75ರಿಂದ 80 ಯೂನಿಟ್ ಮರಳುತ್ತದೆ. ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ ಯೋಜಿಸಲಾದ 2,000 ಮೆಗಾವ್ಯಾಟ್‌ನ ಶರಾವತಿ ಯೋಜನೆ ಇದೇ ಬಗೆಯದು. ಆದರೆ ಅದರ ನೆಲೆಯು ಸಿಂಗಳೀಕಗಳ ಅಭಯಾರಣ್ಯದಲ್ಲಿರುವುದರಿಂದ ಅರಣ್ಯನಾಶದ ಬಗ್ಗೆ ತೀವ್ರ ಆಕ್ಷೇಪಗಳು ಎದ್ದಿವೆ. ಉಗ್ರಾಣಕ್ಕೂ ಜಾಗ ಬೇಕು, ಆ ಜಾಗಕ್ಕೂ ಬೆಲೆಯುಂಟು.

ಋತುವಿನ ಕೊರತೆ

ಬ್ಯಾಟರಿಯು ಸಂಜೆಯನ್ನು ದಾಟಿಸಬಲ್ಲದು, ಬರಗಾಲವನ್ನಲ್ಲ. ಮೋಡ ಕವಿದ ಮಳೆಗಾಲದಲ್ಲಿ ಸೌರ ಉತ್ಪಾದನೆ ತಗ್ಗಿದಾಗ ಪವನ ವಿದ್ಯುತ್ ಹೆಚ್ಚುತ್ತದೆ ಎಂಬುದು ಕರ್ನಾಟಕದ ಅದೃಷ್ಟ. ವರ್ಷಾವಧಿಯ ಉಗ್ರಾಣವೆಂದರೆ ಲಿಂಗನಮಕ್ಕಿಯಂತಹ ಜಲಾಶಯಗಳು. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ. ಅದೇ ವೇಳೆ ನೀರಾವರಿ ಪಂಪ್‌ಸೆಟ್‌ಗಳ ಬೇಡಿಕೆ ಏರಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರವು ವಿದ್ಯುಚ್ಛಕ್ತಿ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದ ಉತ್ಪಾದಕರು ರಾಜ್ಯದ ಜಾಲಕ್ಕೇ ವಿದ್ಯುತ್ ನೀಡುವಂತೆ ಆದೇಶಿಸಬೇಕಾಯಿತು. ಉತ್ತರ ಪ್ರದೇಶ ಮತ್ತು ಪಂಜಾಬ್‌ಗಳಿಂದ ವಿನಿಮಯದ ಆಧಾರದ ಮೇಲೆ ವಿದ್ಯುತ್ ತರಬೇಕಾಯಿತು. ಇಂತಹ ದಿನಗಳಿಗಾಗಿ ಕಲ್ಲಿದ್ದಲಿನ ಕೆಲವು ಘಟಕಗಳನ್ನು ಇನ್ನೂ ಕೆಲಕಾಲ ಮೀಸಲಾಗಿ ಉಳಿಸಿಕೊಳ್ಳುವುದು ಅನಿವಾರ್ಯ. ಆದರೆ ಸುಮ್ಮನೆ ನಿಂತ ಘಟಕಕ್ಕೂ ಸಾಲದ ಬಡ್ಡಿ, ನೌಕರರ ವೇತನ ಮುಂತಾದ ಸ್ಥಿರ ವೆಚ್ಚಗಳು ತಪ್ಪುವುದಿಲ್ಲ. ಅವು ಕೊನೆಗೆ ಗ್ರಾಹಕರ ಬಿಲ್ಲಿಗೆ ಬಂದು ಸೇರುತ್ತವೆ.

ಉದ್ಯಮಿಗಳು ಗಮನಿಸಬೇಕಾದ ಅಂಶಗಳು

1. ವಿದ್ಯುತ್ತಿನ ಬೆಲೆ ಇನ್ನು ಮುಂದೆ ಗಡಿಯಾರವನ್ನು ಅನುಸರಿಸಲಿದೆ. ಕೇಂದ್ರ ಸರ್ಕಾರವು 2023ರಲ್ಲಿ ತಿದ್ದುಪಡಿ ಮಾಡಿದ ಗ್ರಾಹಕರ ಹಕ್ಕುಗಳ ನಿಯಮಗಳು, 10 ಕಿಲೋವ್ಯಾಟ್‌ಗೆ ಮೇಲ್ಪಟ್ಟ ಗರಿಷ್ಠ ಬೇಡಿಕೆಯ ವಾಣಿಜ್ಯ ಮತ್ತು ಕೈಗಾರಿಕಾ ಗ್ರಾಹಕರಿಗೆ ವೇಳೆಗನುಗುಣವಾದ ದರವನ್ನು ವಿಧಿಸುತ್ತವೆ. ಅವುಗಳ ಪ್ರಕಾರ ಸೌರ ವೇಳೆಯ ದರವು ಸಾಮಾನ್ಯ ದರಕ್ಕಿಂತ ಕನಿಷ್ಠ ಶೇಕಡ 20ರಷ್ಟು ಕಡಿಮೆ ಇರಬೇಕು. ಗರಿಷ್ಠ ಬೇಡಿಕೆಯ ವೇಳೆಯ ದರವು ಸಾಮಾನ್ಯ ದರದ ಕನಿಷ್ಠ 1.2 ಪಟ್ಟು ಇರಬೇಕು. ವೇಳೆ ಮತ್ತು ದರಗಳನ್ನು ಗೊತ್ತುಪಡಿಸುವುದು ರಾಜ್ಯದ ನಿಯಂತ್ರಣ ಆಯೋಗ.

2. ಉದಾಹರಣೆಗೆ ಸಾಮಾನ್ಯ ದರ 7 ರೂಪಾಯಿ ಎಂದು ಭಾವಿಸಿದರೆ, ಸಂಜೆ 8.40 ರೂಪಾಯಿ, ಹಗಲು 5.60 ರೂಪಾಯಿ ಆಗುತ್ತದೆ. ದಿನಕ್ಕೆ 200 ಯೂನಿಟ್‌ನ ಕೆಲಸವನ್ನು ಸಂಜೆಯಿಂದ ಹಗಲಿಗೆ ಸರಿಸಿದ ಕಾರ್ಖಾನೆಗೆ 25 ದಿನಗಳ ತಿಂಗಳಲ್ಲಿ 14,000 ರೂಪಾಯಿ ಉಳಿಯುತ್ತದೆ. ಶೀತಲಗೃಹಗಳು ಹಗಲಿನಲ್ಲಿಯೇ ಹೆಚ್ಚು ತಂಪು ತುಂಬಿಕೊಳ್ಳಬಹುದು. ಮಂಜುಗಡ್ಡೆಯೂ ಒಂದು ಬಗೆಯ ಬ್ಯಾಟರಿಯೇ.

3. ಮೇಲ್ಛಾವಣಿಯ ಸೌರ ಫಲಕಗಳಿಂದ ಹಗಲಿನ ವಿದ್ಯುತ್ತನ್ನು ಜಾಲಕ್ಕೆ ಕೊಟ್ಟು ಸಂಜೆ ಮರಳಿ ಪಡೆಯುವವರು ಜಾಲವನ್ನೇ ಉಗ್ರಾಣವಾಗಿ ಬಳಸುತ್ತಿರುತ್ತಾರೆ. ಆ ಉಗ್ರಾಣದ ಬಾಡಿಗೆ ಎಂದೆಂದಿಗೂ ಇಷ್ಟೇ ಇರುತ್ತದೆಂದು ನಂಬಿ ಬಂಡವಾಳ ಹೂಡುವುದು ಸರಿಯಲ್ಲ. ಹಗಲಿನ ಸ್ವಂತ ಬಳಕೆಗೆ ಸರಿಹೊಂದುವಷ್ಟು ಫಲಕಗಳನ್ನು ಅಳವಡಿಸುವುದು ಕ್ಷೇಮಕರ.

4. 2022ರ ಹಸಿರು ಮುಕ್ತ ಪ್ರವೇಶ ನಿಯಮಗಳು ಕನಿಷ್ಠ ಮಿತಿಯನ್ನು 1 ಮೆಗಾವ್ಯಾಟ್‌ನಿಂದ 100 ಕಿಲೋವ್ಯಾಟ್‌ಗೆ ಇಳಿಸಿದ್ದು, ಮಧ್ಯಮ ಪ್ರಮಾಣದ ಕಾರ್ಖಾನೆಗಳಿಗೂ ಉತ್ಪಾದಕರಿಂದ ನೇರವಾಗಿ ಖರೀದಿಸುವ ಅವಕಾಶವಿದೆ. ಒಪ್ಪಂದಕ್ಕೆ ಮುನ್ನ ಯೂನಿಟ್ ದರವನ್ನಷ್ಟೇ ನೋಡದೆ, ಸಾಗಣೆ ಮತ್ತು ಬ್ಯಾಂಕಿಂಗ್ ಶುಲ್ಕಗಳನ್ನೂ, ಯಾವ ವೇಳೆಯಲ್ಲಿ ವಿದ್ಯುತ್ ದೊರೆಯುವುದೆಂಬುದನ್ನೂ ಪರಿಶೀಲಿಸಬೇಕು.

ಅಗ್ಗದ ಸರಕು ದೊರೆತಿದೆ; ಉಗ್ರಾಣವನ್ನು ಕಟ್ಟುವ ಕೆಲಸ ಉಳಿದಿದೆ. ಅದರ ಬಾಡಿಗೆಯನ್ನು ಉತ್ಪಾದಕರು, ಸರ್ಕಾರ ಮತ್ತು ಗ್ರಾಹಕರು ಯಾವ ಪ್ರಮಾಣದಲ್ಲಿ ಹಂಚಿಕೊಳ್ಳಬೇಕೆಂಬುದು ಆಯೋಗದ ದರ ವಿಚಾರಣೆಗಳಲ್ಲಿ ತೀರ್ಮಾನವಾಗುವ ವಿಷಯ. ತಮ್ಮ ಕಾರ್ಖಾನೆಯ ಗಂಟೆಗಂಟೆಯ ಬಳಕೆಯ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡ ಉದ್ಯಮಿಯ ಅಹವಾಲಿಗೆ ಅಲ್ಲಿ ಹೆಚ್ಚಿನ ತೂಕವಿರುತ್ತದೆ.