ವಿವರಿಸಬಲ್ಲ ಕೃತಕ ಬುದ್ಧಿಮತ್ತೆ (ಎಕ್ಸ್‌ಎಐ)

1. ಅರ್ಥ: ಎಐ ಒಂದು ತೀರ್ಮಾನಕ್ಕೆ ಏಕೆ ಬಂತೆಂದು ಮನುಷ್ಯರಿಗೆ ತಿಳಿಸುವ ವಿಧಾನಗಳು. ವಿರುದ್ಧ: ಬ್ಲ್ಯಾಕ್ ಬಾಕ್ಸ್ (ಒಳಗಿನ ಕಾರಣ ಕಾಣದ ಮಾದರಿ).

2. ವರ್ಷಗಳು (ವಿವರಣೆ ಕೊಡುವ ವಿಧಾನಗಳು, ಕಾನೂನು):
• ಲೈಮ್ ವಿಧಾನ – 2016
• ಶಾಪ್ ವಿಧಾನ – 2017
• ಐರೋಪ್ಯ ಒಕ್ಕೂಟದ ಎಐ ಕಾಯ್ದೆ – 2024 (ವಿಧಿ 86: ವಿವರಣೆ ಪಡೆಯುವ ಹಕ್ಕು)

3. ವಿವರಣೆ ಇಲ್ಲದೆಯೂ ಉಪಯುಕ್ತ: ಆಲ್ಫಾಫೋಲ್ಡ್. ಅದು ಊಹಿಸಿದ ಪ್ರೋಟೀನ್ ರಚನೆಯನ್ನು ಪ್ರಯೋಗದಿಂದ ತಾಳೆ ನೋಡಬಹುದು.

4. ವಿವರಣೆ ಅಗತ್ಯ: ಸಾಲ, ಜಾಮೀನು, ಚಿಕಿತ್ಸೆ. ಉದಾ: ಅಮೆರಿಕದ ನ್ಯುಮೋನಿಯಾ ಮಾದರಿಯೊಂದು ಆಸ್ತಮಾ ರೋಗಿಗಳಿಗೆ ‘ಅಪಾಯ ಕಡಿಮೆ’ ಎಂದಿತು. ಕಾರಣ: ಅಂಥವರನ್ನು ನೇರ ಐಸಿಯುಗೆ ಸೇರಿಸುತ್ತಿದ್ದುದರಿಂದ ಸಾವು ಕಡಿಮೆಯಿತ್ತು; ಮಾದರಿಗೆ ಇದು ತಿಳಿದಿರಲಿಲ್ಲ.

5. ಗೊಂದಲ ಬೇಡ:
• ನಿರ್ಧಾರ ವೃಕ್ಷ – ರಚನೆಯೇ ಸರಳ. ಲೈಮ್, ಶಾಪ್ – ಸಂಕೀರ್ಣ ಮಾದರಿಗೆ ನಂತರ ಕೊಡುವ ವಿವರಣೆ.
• 2024ರ ಎಐ ಸಂಬಂಧಿತ ನೊಬೆಲ್: ಆಲ್ಫಾಫೋಲ್ಡ್‌ನ ಹಸಾಬಿಸ್, ಜಂಪರ್ (ಬೇಕರ್ ಜೊತೆ) – ರಸಾಯನಶಾಸ್ತ್ರ; ಹಿಂಟನ್, ಹಾಪ್‌ಫೀಲ್ಡ್ – ಭೌತಶಾಸ್ತ್ರ.
• ವಿವರಣೆ ಇದ್ದ ಮಾತ್ರಕ್ಕೆ ತೀರ್ಮಾನ ಸರಿಯೆಂದಲ್ಲ.